ಮೀನಿಗೆ ಕುದಿಸಿ ಆರಿಸಿದ ನೀರು

ಎರಡು ಮೀನುಗಳನ್ನು ಒಂದು ನೀರಿನಿಂದ ಇನ್ನೊಂದು ನೀರಿಗೆ ಬಿಡುವುದು ಇಷ್ಟು ತಲೆಕೆಡಿಸುವ ಕೆಲಸವೆಂದು ನಾನು ಎಣಿಸಿರಲಿಲ್ಲ. ನೀರೆಂದರೆ ನೀರಲ್ಲವೇ? ಒಂದೇ ಊರಿನ ಬೊರಿವಲಿಯ ನೀರಿಗೂ ನಾವಿರುವ ಘಾಟ್ಕೋಪರಿನ ನೀರಿಗೂ ಮಡಿಮೈಲಿಗೆ ಏನು ಬಂತು? ನಮ್ಮ ಪುರಾಣದ ರಾಜರ್ಷಿಯೊಬ್ಬ ಪುಟ್ಟ ಮೀನನ್ನು ಬೊಗಸೆಯಿಂದ ಕೊಡಕ್ಕೆ, ಕೊಡದಿಂದ ಕೆರೆಗೆ, ಕೆರೆಯಿಂದ ಕಡಲಿಗೆ ಬಿಟ್ಟನಂತೆ. ಪ್ರತಿ ಸಲವೂ ಅವನು ಬೆರಳಿಟ್ಟು ನೀರಿನ ಬಿಸಿ ನೋಡಿದನೇ ಎಂಬುದನ್ನು ಮಾತ್ರ ನನಗೆ ಯಾವ ಹರಿಕಥೆಯವರೂ ಹೇಳಿಲ್ಲ.

ನಮ್ಮ ಮೀನುಗಳು ಬೊರಿವಲಿಯವು. ಅಲ್ಲಿದ್ದ ನನ್ನ ಸಹೋದ್ಯೋಗಿಗೆ ನಾಗಪುರಕ್ಕೆ ವರ್ಗವಾಯಿತು. ಅವರ ಮಗಳು ಸ್ಮಿತಾ ತನ್ನ ಎರಡು ಗೋಲ್ಡ್‌ಫಿಶ್‌ಗಳನ್ನು ನನ್ನ ಒಂಬತ್ತು ವರ್ಷದ ಸುಮಾಳಿಗೆ ಒಪ್ಪಿಸಿದಳು. ನೀನು ರಜೆಗೆ ಬಂದಾಗ ಎರಡನ್ನೂ ಜೀವಂತ ತೋರಿಸುತ್ತೇನೆಂದು ಸುಮಾ ಗಂಟಲು ಮುಟ್ಟಿ ಆಣೆ ಮಾಡಿದಳು. ಆಣೆ ಅವಳದು, ಮೀನು ಹೊರುವ ಕೆಲಸ ನನ್ನದು. ದಾದರಿನಲ್ಲಿ ಲೋಕಲ್ ರೈಲು ಬದಲಿಸಿ, ಪ್ಲಾಸ್ಟಿಕ್ ಚೀಲವನ್ನು ಎದೆಗವಚಿಕೊಂಡು ಬರುವಾಗ ಬೋಗಿಯಲ್ಲಿದ್ದವರೆಲ್ಲ ಮೀನುತಜ್ಞರಾದರು. ಚೀಲವನ್ನು ಅರ್ಧ ಗಂಟೆ ಹೊಸ ನೀರಿನಲ್ಲಿ ತೇಲಿಬಿಡಿ ಎಂದರು ಒಬ್ಬರು. ನಲ್ಲಿನೀರು ಔಷಧಿಯದು, ಹಾಕಿದರೆ ಸತ್ತೇಹೋಗುತ್ತವೆ ಎಂದರು ಇನ್ನೊಬ್ಬರು. ಉಪ್ಪು ಹಾಕಿ ಎಂದರು ಮತ್ತೊಬ್ಬರು. ಇಳಿಯುವಷ್ಟರಲ್ಲಿ ನನ್ನ ತಲೆ ಗೊಬ್ಬರದ ಗುಂಡಿಯಾಗಿತ್ತು.

ಸುಮಾ ಕೇಳಿದ್ದಕ್ಕೆಲ್ಲ ತಕ್ಷಣ ಉತ್ತರ ಕೊಡುವುದು ನನ್ನ ಹಳೆಯ ಚಟ. "ಪಪ್ಪಾ, ಯಾವ ಪಾನಿ ಹಾಕೋದು?" ಎಂದಳು. ಜುಲೈ ತಿಂಗಳು, ಇಡೀ ಬಿಲ್ಡಿಂಗೇ ನೀರು ಕುದಿಸಿ ಕುಡಿಯುತ್ತಿತ್ತು. "ನಾವು ಕುಡಿಯೋ ನೀರೇ ಕಣಮ್ಮ, ಕುದಿಸಿ ಆರಿಸಿದ್ದು!" ಎಂದೆ. ಎಂಥ ಆತ್ಮವಿಶ್ವಾಸ! ಹೆಂಡತಿ ವಿಮಲಾ ಗ್ಯಾಸಿನ ಸಿಲಿಂಡರನ್ನೂ ನನ್ನನ್ನೂ ಒಮ್ಮೆ ನೋಡಿ, ಹಂಡೆ ಏರಿಸಿದಳು. ಚೀಲದ ಬಾಯಿ ಬಿಚ್ಚಿ ಮೀನುಗಳನ್ನು ಅದರಲ್ಲೇ ಬಿಟ್ಟು, ನೀರನ್ನು ಮರುದಿನದವರೆಗೂ ಬಿಗಿಯಾಗಿ ಮುಚ್ಚಿಟ್ಟು ಆರಿಸಿ, ಬಿಳಿ ಪಂಚೆಯಲ್ಲಿ ಸೋಸಿ, ಹೊಸ ಗಾಜಿನ ತೊಟ್ಟಿ ತುಂಬಿಸಿದೆವು. ಗಾಳಿ ಬಿಡುವ ಪಂಪು ಅಂಗಡಿಯಲ್ಲಿ ಮುಗಿದಿತ್ತು. ಆಮೇಲೆ ತಂದರಾಯಿತು ಎಂದುಕೊಂಡೆ. ಅರ್ಧ ಗಂಟೆ ಚೀಲ ತೇಲಿಸಿ, ಶಾಸ್ತ್ರೋಕ್ತವಾಗಿ ಮೀನುಗಳನ್ನು ಬಿಟ್ಟೆ.

ಕಾಲು ಗಂಟೆಯಲ್ಲಿ ಎರಡೂ ಮೇಲಕ್ಕೆ ಬಂದು ಬಾಯಿ ಕಳೆಯತೊಡಗಿದವು.

"ಪಪ್ಪಾ, ಐಸಾ ಯಾಕೆ ಮಾಡ್ತಿವೆ?"

"ಹಸಿವು" ಎಂದೆ. ಕಾಳು ಹಾಕಿದೆ, ಮುಟ್ಟಲಿಲ್ಲ. "ಚಳಿ" ಎಂದೆ. ತೊಟ್ಟಿಯ ಸುತ್ತ ಟವೆಲ್ ಸುತ್ತಿದೆ. "ಹೊಸ ಜಾಗ, ಸಂಕೋಚ" ಎಂದೂ ಹೇಳಿದೆ ಅಂತ ಕಾಣುತ್ತದೆ. ಒಂದು ಮೀನು ಪಕ್ಕಕ್ಕೆ ವಾಲತೊಡಗಿತು. ಸುಮಾ ಗಾಜಿಗೆ ಮೂಗು ಒತ್ತಿದಳು. "ಸತ್ತೋಗ್ತಾವಾ?" ಎಂದಳು. ನಿಜವಾಗಿಯೂ ಹೆದರಿದ್ದೆ. "ಗೊತ್ತಿಲ್ಲ ಪುಟ್ಟಿ" ಎಂದೆ, ಅವಳು ಹುಟ್ಟಿದಾಗಿನಿಂದ ಮೊದಲ ಸಲ.

ಮರುಕ್ಷಣ ಸುಮಾ ಓಡಿಹೋಗಿ ಪಕ್ಕದ ಮನೆಯ ಶೀನಣ್ಣನನ್ನು ಎಳೆದುಕೊಂಡು ಬಂದಳು. ಶೀನಣ್ಣ ಸ್ಟೇಷನ್ ಬಳಿಯ ಉಡುಪಿ ಹೋಟೆಲಿನಲ್ಲಿ ಕಾಫಿ ಮಾಡುವವರು, ಹುಟ್ಟಿದ್ದು ಮೀನುಗಾರರ ಊರು ಮಲ್ಪೆಯ ಕಡೆ. ಒಮ್ಮೆ ಬಗ್ಗಿ ನೋಡಿದರು.

"ಎಂತ ಮಾರಾಯ್ರೆ, ನೀರು ಕುದಿಸಿದ್ದಾ? ಕುದಿಸಿದರೆ ಗಾಳಿ ಎಲ್ಲ ಹೋಗ್ತದೆ. ಉಸಿರು ಕಟ್ಟಿದೆ ಪಾಪದವಕ್ಕೆ. ಒಂದು ದೊಡ್ಡ ಲೋಟ ಕೊಡಿ."

ಆಮೇಲೆ ನಡೆದದ್ದು ಅಪ್ಪಟ ಕಾಫಿಯ ಕಾಯಕ. ತೊಟ್ಟಿಯ ಒಂದು ಮೂಲೆಯಿಂದ ಲೋಟದಲ್ಲಿ ನೀರೆತ್ತುವುದು, ಕೈಯನ್ನು ತಲೆಯ ಮೇಲಕ್ಕೊಯ್ದು ಸಣ್ಣ ಧಾರೆಯಾಗಿ ಅದೇ ಮೂಲೆಗೆ ಸುರಿಯುವುದು. ನೊರೆಯ ಜೊತೆ ಗಾಳಿಯೂ ನೀರಿಗಿಳಿಯಿತು. ಅವರ ಕೈ ಸೋತಾಗ ನಾನು ಹಿಡಿದೆ. ಮೈಸೂರಿನವನು, ದಿನಕ್ಕೆ ನಾಲ್ಕು ಸಲ ಕಾಫಿ ಎತ್ತಿ ಹೊಯ್ಯುವವನು. ಆದರೂ ಅರ್ಧ ನೀರು ನೆಲಕ್ಕೇ ಹೋಯಿತು. ವಿಮಲಾ ಹಿಂದೆಯೇ ಒರೆಸುತ್ತ ಬಂದಳು. ಮುಕ್ಕಾಲು ಗಂಟೆಯ ಹೊತ್ತಿಗೆ ವಾಲಿದ ಮೀನು ನೆಟ್ಟಗಾಯಿತು. ಆಮೇಲೆ ಎರಡೂ ಕೆಳಗಿಳಿದು, ಏನೂ ಆಗದವರಂತೆ ಕಲ್ಲು ಮೂಸತೊಡಗಿದವು.

ನಾನು ಸೋಫಾದಲ್ಲಿ ಕುಸಿದು, "ನೋಡಿದ್ಯಾ, ಉಳಿಸಿಬಿಟ್ವಿ!" ಎಂದೆ. ಸುಮಾ ಗಾಜಿನಿಂದ ಕಣ್ಣು ಕೀಳಲಿಲ್ಲ.

"ಪಪ್ಪಾ, ಗೊತ್ತಿಲ್ಲ ಅಂತ ಮೊದಲೇ ಹೇಳಿದ್ರೆ, ನಾನು ಮೊದಲೇ ಓಡ್ತಿದ್ದೆ ನಾ?"