ಅಮ್ಮನ ಕೆಂಪಿನೋಲೆ

ಅಪ್ಪ ತೀರಿಕೊಂಡಾಗ ನನಗೆ ಅಳು ಬರಲಿಲ್ಲ. ಕಾರ್ಯಗಳೆಲ್ಲ ಮುಗಿದವು, ಶಿವಮೊಗ್ಗದ ವಿದ್ಯಾನಗರದಲ್ಲಿರುವ ನನ್ನ ಮನೆಗೆ ವಾಪಸು ಬಂದೆ, ಅಡುಗೆ ಮಾಡಿದೆ, ಉಂಡೆ. ಭದ್ರಾವತಿಯಿಂದ ಅಮ್ಮ ಫೋನ್ ಮಾಡಿದಾಗಲೆಲ್ಲ ಅದೇ ಮಾತು. ಗೌರಿಹಬ್ಬದ ದಿನ ಅವಳ ಮಾಣಿಕ್ಯದ ಓಲೆ ಕಪ್ಪಿಟ್ಟಿತ್ತು. ಮಾಣಿಕ್ಯ ಮಂಕಾದರೆ ಮನೆಗೆ ಕೇಡು ಎಂದು ಅವಳ ತವರಿನಲ್ಲಿ ನಂಬುತ್ತಾರೆ. ಹಬ್ಬ ಕಳೆದ ವಾರದೊಳಗೆ ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆಯಿತು.

"ಹರಳು ಹೇಳ್ತು, ನಾನೇ ಗಮನ ಕೊಡ್ಲಿಲ್ಲ ಮಾರಾಯ್ತಿ. ಅವತ್ತೇ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ರೆ ಉಳೀತಿದ್ರು."

ಕೇಳಿ ಕೇಳಿ ರೋಸಿಹೋಯಿತು. ಆ ಓಲೆ ಇಸಿದುಕೊಂಡು ಬಂದು, ಗಾಂಧಿ ಬಜಾರಿನಲ್ಲಿ ಒಡವೆ ಕೆಲಸ ಮಾಡುವ ಆಚಾರರಿಗೆ ತೋರಿಸಿದೆ. ಹರಳೇ ನಕಲಿ ಎಂದು ಅವರು ಹೇಳಿಬಿಟ್ಟರೆ ಅಮ್ಮನ ತಪ್ಪು ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದೆ.

ಆಚಾರರು ಭೂತಗನ್ನಡಿ ಹಿಡಿದು ನೋಡಿದರು. "ಅಸಲಿ ಮೇಡಂ. ಒಳಗೆ ರೇಷ್ಮೆ ಎಳೆ ಥರ ಗೀಟು ಇದೆ ನೋಡಿ. ಒಂದು ಕಲೇನೂ ಇಲ್ದೆ ಫಳಫಳ ಅಂದಿದ್ರೆ ಗಾಜೇನೋ ಅಂತಿದ್ದೆ. ಕಾಯಿಸಿ ಬಣ್ಣ ಏರಿಸಿದ್ದೂ ಅಲ್ಲ ಅನ್ಸುತ್ತೆ, ಅಂಥದ್ದಕ್ಕೆ ಬೆಲೆ ಜಾಸ್ತಿ."

"ಮತ್ತೆ ಕಪ್ಪಗಿದೆಯಲ್ಲ?"

ಅವರು ಚಿಮಟದಿಂದ ಒಂದು ಹರಳನ್ನು ಎಬ್ಬಿಸಿ ಬಾಗಿಲ ಬೆಳಕಿಗೆ ಹಿಡಿದರು. ದಾಳಿಂಬೆ ಕಾಳಿನ ಹಾಗೆ ಕೆಂಪಗಿತ್ತು. ಕಪ್ಪಾಗಿದ್ದದ್ದು ಹೊಳಪಿಗೆಂದು ಅದರ ಅಡಿಯಲ್ಲಿಟ್ಟಿದ್ದ ಬೇಗಡೆ, ಲೋಹದ ತೆಳು ಹಾಳೆ.

"ನೀರು ಇಳಿದಿದೆ. ಹಿಂದೆ ಮುಚ್ಚಿರೋ ಓಲೇನ ತೊಳೀಬಾರ್ದು ಮೇಡಂ, ಒಣ ಬಟ್ಟೇಲಿ ಒರೆಸ್ಬೇಕು ಅಷ್ಟೇ."

ಆ ಸಲ ಹಬ್ಬಕ್ಕೆ ಬೆಳ್ಳಿ ಸಾಮಾನಿನ ಜೊತೆ ಓಲೆಯನ್ನೂ ಅಂಟುವಾಳದ ನೀರಿನಲ್ಲಿ ತಾನೇ ನೆನೆಹಾಕಿದ್ದಾಗಿ ಅಮ್ಮ ಹೇಳಿದ್ದಳು. ಆಚಾರರು ಹೊಸ ಬೇಗಡೆ ಕೂರಿಸಿಕೊಟ್ಟರು. ನನಗೆ ಸಮಾಧಾನವೂ ಆಗಲಿಲ್ಲ, ಏನೂ ಆಗಲಿಲ್ಲ. ಭದ್ರಾವತಿ ಬಸ್ಸು ಹತ್ತಿದೆ.

ಅಮ್ಮನಿಗೆ ಎಲ್ಲ ಬಿಡಿಸಿ ಹೇಳಿದೆ. ಅವಳು ಓಲೆಯನ್ನು ಕಿಟಕಿಯ ಹತ್ತಿರ ಒಯ್ದು ನೋಡಿದಳು. ಹಗುರಾಗುತ್ತಾಳೆ ಎಂದು ಕಾದೆ.

"ಹಂಗಾದ್ರೆ ಇದು ಏನೂ ಹೇಳಿರ್ಲಿಲ್ವಾ?"

"ಇಲ್ಲಮ್ಮ. ನಿನ್ನ ತಪ್ಪು ಏನೂ ಇಲ್ಲ."

"ಒಂದು ಸೂಚನೇನೂ ಇರ್ಲಿಲ್ಲ?"

"ಇಲ್ಲ."

ಅಮ್ಮ ಓಲೆಯನ್ನು ಸೆರಗಿನಿಂದ ಒರೆಸಿದಳು, ಮತ್ತೆ ಒರೆಸಿದಳು.

"ಸುಮ್ನೆ ಹೋಗ್ಬಿಟ್ರಾ ಹಂಗಾದ್ರೆ?"

ಆ ತಪ್ಪನ್ನಾದರೂ ಅವಳ ಹತ್ತಿರ ಬಿಡಬೇಕಿತ್ತು ಅನ್ನಿಸಿತು. ನಾನು ಹೂಂ ಅಂದೆ.