ಒಂಬತ್ತನೆಯ ಪ್ರಶ್ನೆ

ಬಾಣಂತಿ ಕೋಣೆಯ ಅಜವಾನದ ಹೊಗೆಗೆ ನನ್ನ ಕಣ್ಣು ಮೊದಲಿನಿಂದಲೂ ಉರಿಯುತ್ತವೆ. ಮೊನ್ನೆ ಬಸವಕಲ್ಯಾಣದಲ್ಲಿ ಅಣ್ಣನ ಮಗಳನ್ನು ನೋಡಲು ಹೋದಾಗ ಮಾತ್ರ ಉರಿಗೆ ಹೊಗೆಯೊಂದೇ ಕಾರಣವಾಗಿರಲಿಲ್ಲ. ಹೆರಿಗೆಯಾಗಿ ತಿಂಗಳಾದರೂ ಕೂಸಿನ ಮುಖ ನೋಡದೆ ಗೋಡೆಯ ಕಡೆ ಹೊರಳಿ ಮಲಗಿದ್ದ ಹುಡುಗಿ ಮೊಬೈಲನ್ನು ನನ್ನ ಕೈಗಿಟ್ಟಳು. "ದವಾಖಾನಿಯವರು ಏನೋ ಪ್ರಶ್ನೆ ಕಳಸ್ಯಾರ ಕಾಕಾ. ಕಣ್ಣು ಉರ್ಯಾಕತ್ತಾವ, ಓದಾಕ ಆಗವಲ್ದು. ನೀವೇ ಓದ್ರಿ, ನಾ ಹೇಳ್ತೀನಿ." ನೋಡಿದರೆ ಒಂಬತ್ತು ಪ್ರಶ್ನೆಗಳು. ಒಂಬತ್ತೂ ನನಗೆ ಹಳೆಯ ಪರಿಚಯದವು.

ಇಂಟರ್ನೆಟ್ ನಮ್ಮ ಕಡೆ ಹೊಸದಾಗಿ ಬಂದ ಕಾಲದಲ್ಲಿ ನಾನು ಹುಮನಾಬಾದಿನಲ್ಲಿ ಟೈಪಿಂಗ್ ಕಲಿಸುತ್ತಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಕೆಫೆಯಲ್ಲಿ ಒಂದು ತಾಸು ಕೂತು ಬಂದರೆ ಸಾಕು, ಜಗತ್ತೆಲ್ಲ ನನಗೆ ಗೊತ್ತು ಎಂಬ ಗತ್ತು. ಇದೇ ಹುಡುಗಿಯ ತಾಯಿ, ನನ್ನ ವೈನಿ, ಆಗ ಬಸವಕಲ್ಯಾಣದ ಮನೆಯಲ್ಲಿ ಮಾತು ಬಿಟ್ಟು ಕೂತಿದ್ದರು. ಊಟ ಸೇರದು, ನಿದ್ದೆ ಬಾರದು. ಹುಚ್ಚಿನ ಡಾಕ್ಟರ ಹತ್ತಿರ ಕರೆದೊಯ್ದರೆ ಓಣಿಯವರು ಏನಂದಾರು ಎಂದು ಅಣ್ಣ ಹಟ ಹಿಡಿದಿದ್ದ. ನಾನು ಹುಡುಕಿ ಹುಡುಕಿ ಮನಸ್ಸಿನ ಕಾಯಿಲೆಗೆ ಹೊರದೇಶದವರು ಇಂಟರ್ನೆಟ್ಟಿನಲ್ಲೇ ಕೊಡುವ ಒಂದು ಚಿಕಿತ್ಸೆಯನ್ನು ಪತ್ತೆ ಹಚ್ಚಿದೆ. ವಾರಕ್ಕೊಂದು ಪಾಠ, ಒಟ್ಟು ಆರು. ಪ್ರತಿ ಪಾಠಕ್ಕೂ ಮೊದಲು ಆ ಒಂಬತ್ತು ಪ್ರಶ್ನೆ. ಎಲ್ಲ ಗುಟ್ಟಾಗಿ, ಕಂಪ್ಯೂಟರಿನಲ್ಲೇ. ಅಣ್ಣನೂ ಒಪ್ಪಿದ. ನಾನು ಅರ್ಧ ಡಾಕ್ಟರನೇ ಆದೆನೆಂದು ಬೀಗಿದೆ.

ಭಾನುವಾರ ಪ್ರಿಂಟ್ ಹಿಡಿದು ಬಸ್ ಹತ್ತುವುದು, ಅಡುಗೆಮನೆಯ ಬಾಗಿಲಲ್ಲಿ ಕೂತು ಇಂಗ್ಲಿಷನ್ನು ನಮ್ಮ ಮಾತಿಗೆ ತಿರುಗಿಸಿ ಓದುವುದು, ವೈನಿ ಹೇಳಿದ್ದಕ್ಕೆ ಪೆನ್ಸಿಲಿನಿಂದ ಗುರುತು ಹಾಕಿಕೊಂಡು ಸೋಮವಾರ ಹುಮನಾಬಾದಿನಿಂದ ಕಳಿಸುವುದು. ಎಂಟು ಪ್ರಶ್ನೆ ಸರಾಗವಾಗಿ ಓದುತ್ತಿದ್ದೆ. ಸತ್ತರೆ ಒಳ್ಳೆಯದಿತ್ತು ಎಂದು ಈಚೆಗೆ ಎಷ್ಟು ದಿನ ಅನಿಸಿದೆ ಎಂದು ಒಂಬತ್ತನೆಯದು ಕೇಳುತ್ತಿತ್ತು.

ನಮ್ಮ ಮನೆಯಲ್ಲಿ ದೀಪ ಆರಿಸುವುದಿಲ್ಲ, ದೊಡ್ಡದು ಮಾಡುತ್ತಾರೆ. ಬಳೆ ಒಡೆಯುವುದಿಲ್ಲ, ಹೆಚ್ಚಾಗುತ್ತವೆ. ಹೊರಟವರು ಹೋಗುತ್ತೇನೆ ಎನ್ನುವುದಿಲ್ಲ. ನಿಮ್ಮ ಮನೆಯೂ ಹೀಗೇ ಇರಬಹುದು. ಅಂಥಲ್ಲಿ ಹಣೆ ತುಂಬ ಕುಂಕುಮ ಹಚ್ಚಿಕೊಂಡು ಎದುರಿಗೆ ಕೂತ ವೈನಿಗೆ ಮೈದುನನಾದವನು ಅದನ್ನು ಕೇಳುವುದು ಹೇಗೆ? ಕೇಳಲಿಲ್ಲ. 'ಒಂದು ದಿನವೂ ಇಲ್ಲ' ಎಂಬಲ್ಲಿ ನಾನೇ ಗುರುತು ಹಾಕಿದೆ. ಆ ಪ್ರಶ್ನೆಗೆ ಬೇರೆ ಉತ್ತರ ಬಂದರೆ ಕೂಡಲೇ ಪತ್ರ ಬರೆದು, ಹತ್ತಿರದ ಡಾಕ್ಟರಿಗೆ ತೋರಿಸಲು ಹೇಳುತ್ತೇವೆ ಎಂದು ಮೊದಲ ಪುಟದಲ್ಲೇ ಇತ್ತು. ನಾನು ಅದನ್ನು ಓದಿದ್ದೆ.

ಇಂಥ ಚಿಕಿತ್ಸೆಯಿಂದ ಗುಣ ಆಗುತ್ತದೆಯೇ ಎಂದು ಈಗಲೂ ಕೆಲವರು ಕೇಳುತ್ತಾರೆ. ಸುಳ್ಳು ಹೇಳಲಾರೆ, ಸ್ವಲ್ಪ ಗುಣ ಕಂಡಿತ್ತು. ಮೊದಲು ಇಷ್ಟವಿದ್ದ ಕೆಲಸವನ್ನು ದಿನಕ್ಕಿಷ್ಟು ಮಾಡಿ ಎಂದು ಮೂರನೆಯ ಪಾಠ ಹೇಳಿದಾಗ ವೈನಿ ಅರ್ಧಕ್ಕೆ ಬಿಟ್ಟಿದ್ದ ಕೌದಿಯನ್ನು ಹೊರತೆಗೆದರು. "ಹೊಲಿಯೋ ಮಟ ತಲಿ ಹಗುರ ಇರ್ತದ ತಮ್ಮಾ. ಸೂಜಿ ಇಟ್ಟ ಮ್ಯಾಲ ಮತ್ತ ಹಾಂಗೇ," ಎಂದರು. ನಾನು ಮೊದಲ ಮಾತನ್ನಷ್ಟೇ ಬರೆದು ಕಳಿಸಿದೆ.

ನಾಲ್ಕನೆಯ ಭಾನುವಾರ ಅವರು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಒಂದೊಂದೇ ಸಾಲಿಗೆ ಬೆರಳಿಟ್ಟು ನೋಡಿದರು.

"ಇಲ್ಲಿ ಒಂಬತ್ತು ಅವ. ನೀ ಎಂಟೇ ಓದ್ತಿ. ಅಂಕಿ ನನಗೂ ಬರ್ತಾವ ತಮ್ಮಾ."

"ಅದು ಸಕ್ರಿ ಬ್ಯಾನಿ ಇದ್ದವರಿಗ್ರಿ ವೈನಿ."

"ಹೌದಾ?" ಎಂದು ಕಾಗದ ಮರಳಿ ಕೊಟ್ಟರು. "ನನಗೇನರ ಕೇಳ್ತದೇನೋ ಅಂದ್ಕೊಂಡಿದ್ದೆ."

ಅದೇ ಬುಧವಾರ ವೈನಿ ತಮ್ಮ ಕೈಯಾರೆ ಜೀವ ಕಳೆದುಕೊಂಡರು. ಮಗಳಿಗೆ ಆಗ ಆರು ವರ್ಷ. ದಿನಕರ್ಮ ಮುಗಿಸಿ ಹುಮನಾಬಾದಿಗೆ ಮರಳಿ ಮೇಲ್ ತೆರೆದರೆ ಪತ್ರ ಬಂದು ಕೂತಿತ್ತು: ಅಭಿನಂದನೆ, ನಿಮ್ಮಲ್ಲಿ ಸುಧಾರಣೆ ಕಾಣುತ್ತಿದೆ, ಐದನೆಯ ಪಾಠ ಶುರು ಮಾಡಿ. ಪಾಪ, ಅವರ ತಪ್ಪೇನಿಲ್ಲ. ಅವರು ಚಿಕಿತ್ಸೆ ಮಾಡಿದ್ದು ನಾನು ಬರೆದು ಕಳಿಸಿದ ಹೆಂಗಸಿಗೆ. ಕೆಫೆಯಲ್ಲಿ ಎಲ್ಲರೆದುರೇ ಅತ್ತೆ. ಯಾಕೆಂದು ಅಣ್ಣನಿಗೆ ಇವತ್ತಿನವರೆಗೂ ಹೇಳಿಲ್ಲ.

ಮೊನ್ನೆಯೂ ಎಂಟು ಓದಿ ನಿಂತೆ. ಬಾಣಂತಿ ಕೋಣೆ, ತೊಟ್ಟಿಲಲ್ಲಿ ಕೂಸು. ಅಂಥ ಮಾತಿಗೆ ಇದಕ್ಕಿಂತ ಕೆಟ್ಟ ಜಾಗವಿಲ್ಲ.

"ಮುಗೀತೇನ್ರಿ ಕಾಕಾ?"

"ಇಲ್ಲವ್ವಾ, ಇನ್ನೊಂದು ಅದ," ಎಂದೆ. "ಸತ್ತರ ಚಲೋ ಇತ್ತು ಅಂತ ಅನಸ್ತದೇನು? ಎಷ್ಟು ದಿನ ಅನಿಸ್ಯದ?"

ಅವಳು ಈ ಕಡೆ ಹೊರಳಿ ನನ್ನನ್ನು ನೋಡಿದಳು. ಈ ಸಲ ನಾನಾಗಿ ಯಾವ ಉತ್ತರವನ್ನೂ ಒತ್ತಲಿಲ್ಲ.

"ದಿನಾಲೂ," ಎಂದಳು.

ಅವಳು ಹೇಳಿದಲ್ಲೇ ಒತ್ತಿದೆ. ಅವಳ ಕೈ ಹಿಡಿದುಕೊಂಡೇ, ಅಂಗಳದಲ್ಲಿದ್ದ ಅಣ್ಣನಿಗೆ ಓಣಿಗೆಲ್ಲ ಕೇಳುವಂತೆ ಕೂಗಿದೆ: "ಅಣ್ಣಾ, ಆಟೋ ಕರಿ! ಮನಸ್ಸಿನ ಡಾಕ್ಟರ್ ಕಡಿ ಹೋಗಬೇಕು." ಯಾಕೆಂದು ಕೇಳಲು ಬಾಗಿಲಿಗೆ ಬಂದ ಅಣ್ಣ ಮಗಳ ಮುಖ ನೋಡಿದವನೇ ಬರಿಗಾಲಲ್ಲಿ ಓಡಿದ.