ಪಿಯಾನೋ ಟೀಚರಿಗೆ ನಾನು ತಲುಪಿಸದ ಮಾತು

ಕಳೆದ ವಾರ ಮಗಳು ಅಟ್ಟದಿಂದ ಟ್ರಂಕು ಇಳಿಸಿ, ಅಳಿಯನ ಹಳೆಯ ಕೋಟು ಹುಡುಕುತ್ತಿದ್ದಳು. ಮುಚ್ಚಳ ತೆಗೆದದ್ದೇ ನುಸಿಗುಳಿಗೆಯ ವಾಸನೆ ಕೋಣೆಯಿಡೀ ಹರಡಿತು. ಅವಳು ಮೂಗು ಮುಚ್ಚಿಕೊಂಡು ಕಿಟಕಿ ತೆರೆಯಲು ಓಡಿದಳು. ನಾನು ಟ್ರಂಕಿನ ಹತ್ತಿರವೇ ಕೂತೆ. ಉಳಿದವರಿಗೆ ಅದು ಹಳೆಬಟ್ಟೆಯ ವಾಸನೆ. ನನಗೆ ಪಿಯಾನೋದ್ದು...

ಮೂಡುಬಿದಿರೆಯಲ್ಲಿ ನಮ್ಮ ಬೀದಿಯ ಕೊನೆಯಲ್ಲಿ ಅವರ ಮನೆ. ನಮಗೆ ಮಕ್ಕಳಿಗೆ ಅವರು ಟೀಚರ್, ಪೇಟೆಯವರಿಗೆ ಪಿಯಾನೋ ಬಾಯಿ; ನಮ್ಮ ಕೊಂಕಣಿಯಲ್ಲಿ ಹಿರಿಯ ಹೆಂಗಸರನ್ನು ಮರ್ಯಾದೆಗೆ ಬಾಯಿ ಎನ್ನುವುದು. ತಂದೆ ಬೊಂಬಾಯಿಯಲ್ಲಿ ರೈಲ್ವೆ ಕೆಲಸ ಮುಗಿಸಿ ಊರಿಗೆ ಮರಳುವಾಗ ಮಗಳ ಪಿಯಾನೋವನ್ನು ಹಡಗಿನಲ್ಲಿ ಮಂಗಳೂರಿಗೂ, ಅಲ್ಲಿಂದ ಲಾರಿಯಲ್ಲಿ ಇಲ್ಲಿಗೂ ತಂದಿದ್ದರಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ತಂದೆತಾಯಿ ಇಬ್ಬರೂ ತೀರಿಹೋಗಿದ್ದರು. ಮದುವೆಯಾಗದ ಟೀಚರ್ ಒಬ್ಬರೇ ಉಳಿದಿದ್ದರು. ಮಳೆಗಾಲದಲ್ಲಿ ಪಿಯಾನೋದ ಕೀಗಳು ಊದಿಕೊಂಡು, ಒತ್ತಿದರೆ ಮೇಲೇಳುತ್ತಿರಲಿಲ್ಲ. ಒಳಗಿನ ಉಣ್ಣೆಯನ್ನು ಹುಳ ತಿನ್ನದ ಹಾಗೆ ಅವರು ನುಸಿಗುಳಿಗೆಗಳನ್ನು ಬಟ್ಟೆಯಲ್ಲಿ ಕಟ್ಟಿ ಒಳಗೆ ಇಳಿಬಿಡುತ್ತಿದ್ದರು.

ನಮ್ಮ ಇಗರ್ಜಿಯಲ್ಲಿ ಹಾರ್ಮೋನಿಯಂ ನುಡಿಸುವವರು, ಲ್ಯಾಟಿನ್ ಹಾಡುಗಳನ್ನು ಕಲಿಸುವವರು ಅವರೇ. ನನಗೆ ಹನ್ನೊಂದು ವರ್ಷವಾದಾಗ ಅಮ್ಮನ ಹತ್ತಿರ ಹೇಳಿದರು: "ಈ ಹುಡುಗಿಗೆ ಒಳ್ಳೆಯ ಕಿವಿ ಉಂಟು. ಶಾಲೆ ಬಿಟ್ಟ ಮೇಲೆ ಕಳಿಸಿ."

ನಾಲ್ಕು ವರ್ಷ ಹೋದೆ. ನಾನು ಬೆರಳು ನೋಡದ ಹಾಗೆ ಕೈಗಳ ಮೇಲೆ ಮೈ ಒರೆಸುವ ಬೈರಾಸು ಹಾಸುತ್ತಿದ್ದರು. "ನೋಡಿ ನುಡಿಸುವುದಲ್ಲ, ಕೇಳಿ ನುಡಿಸು" ಎನ್ನುತ್ತಿದ್ದರು. ನವೆಂಬರ್ ಬಂತೆಂದರೆ ಕ್ರಿಸ್ಮಸ್ ಹಾಡುಗಳು. ಬೇರೆಯವರೆಲ್ಲ ಎದುರಿನ ಕೋಣೆಯಲ್ಲಿ ಹಾಡಿ ಮನೆಗೆ ಹೋದ ಮೇಲೂ ನನ್ನನ್ನು ಬಿಡುತ್ತಿರಲಿಲ್ಲ. "ಇನ್ನೊಂದು ಸಲ ನುಡಿಸು, ಆಮೇಲೆ ಹೋಗುವೆಯಂತೆ." ಆ ಇನ್ನೊಂದು ಸಲ ಮೂರು ಸಲವಾಗುತ್ತಿತ್ತು. ನನಗೆ ಕಿರಿಕಿರಿ. ನಾನು ಹೋದ ಮೇಲೆ ಆ ಮನೆಯಲ್ಲಿ ಮಾತಾಡಲು ಯಾರೂ ಇರುವುದಿಲ್ಲ ಎಂಬುದು ಆಗ ಹೊಳೆಯಲೇ ಇಲ್ಲ.

ಆಮೇಲೆ ರೋಮಿನ ಅಪ್ಪಣೆಯಂತೆ ಇಗರ್ಜಿಯ ಪೂಜೆ ಲ್ಯಾಟಿನ್‌ನಿಂದ ಕೊಂಕಣಿಗೆ ಬಂತು. ಅರವತ್ತರ ದಶಕದ ನಡುವಿನ ಮಾತು. ಶಾಲೆಗೆ ಹೊಸದಾಗಿ ಬಂದಿದ್ದ ಒಬ್ಬ ಮಾಸ್ಟ್ರು ಕೊಂಕಣಿಯಲ್ಲಿ ಹಾಡು ಕಟ್ಟುತ್ತಿದ್ದರು. ಹಾಡಿಸುವ ಕೆಲಸ ಅವರ ಪಾಲಿಗೆ ಬಂತು. ಪಾದ್ರಿಗಳು ಟೀಚರನ್ನು ಕರೆದು, ಇನ್ನು ನೀವು ವಿಶ್ರಾಂತಿ ತೆಗೆದುಕೊಳ್ಳಿ ಬಾಯಿ ಎಂದು ಮರ್ಯಾದೆಯಿಂದಲೇ ಹೇಳಿದರಂತೆ. ಅವರಿಗಿನ್ನೂ ಐವತ್ತು ತುಂಬಿರಲಿಲ್ಲ.

ನನ್ನ ಗೆಳತಿಯರೆಲ್ಲ ಮಾಸ್ಟ್ರ ಗುಂಪು ಸೇರಿದರು. ಹಾಡುವ ಮಾತು ನಮಗೇ ಅರ್ಥವಾಗುವುದು ಎಂಥ ಸುಖ! ನಾನೂ ಸೇರಿದೆ. ಟೀಚರಿಗೆ ಮಾತ್ರ, "ಪರೀಕ್ಷೆ ಉಂಟು ಟೀಚರ್, ಓದಲಿಕ್ಕೆ ಬಹಳ" ಎಂದೆ. ಹಾಡಿನ ಅಭ್ಯಾಸ ಶಾಲೆಯಲ್ಲಿ, ಟೀಚರ ಮನೆಯ ಹಿಂಬದಿಗೆ. ಅವರ ಗೇಟಿನ ಎದುರು ಹಾದುಹೋಗಬೇಕಾಗುತ್ತದೆಂದು ಗದ್ದೆಯ ಬದುವಿನಲ್ಲಿ ಸುತ್ತುಹಾಕಿ ಹೋಗುತ್ತಿದ್ದೆ.

ಆ ಕ್ರಿಸ್ಮಸ್ಸಿನ ಬೆಳಗಿನ ಪೂಜೆಯಲ್ಲಿ ನಾವು ಹಾಡಿದೆವು. ಟೀಚರ್ ಕೊನೆಯ ಬೆಂಚಿನಲ್ಲಿ ಕೂತಿದ್ದರು. ಅವರು ಬೆಂಚಿನಲ್ಲಿ ಕೂತದ್ದನ್ನು ನಾನು ಅಂದೇ ಮೊದಲು ಕಂಡದ್ದು. ಮಡಿಲಿನಲ್ಲಿದ್ದ ಕೈಗಳು ಏನು ಮಾಡಬೇಕೆಂದು ತಿಳಿಯದೆ ಸುಮ್ಮನೆ ಬಿದ್ದಿದ್ದವು.

ಮಧ್ಯಾಹ್ನ ಅಮ್ಮ ಕುಸ್ವಾರಿನ ತಟ್ಟೆ ಕೊಟ್ಟು, ಟೀಚರಲ್ಲಿಗೆ ಹೋಗಿ ಬಾ ಎಂದಳು. ಹಬ್ಬದ ತಿಂಡಿ ಕೊಡದೆ ಇರುವಂತಿಲ್ಲ. ತಲೆ ತಗ್ಗಿಸಿಯೇ ಹೋದೆ.

"ಬಾ. ಹಾಡು ಚಂದ ಉಂಟು" ಎಂದರು. "ನೀನು ಮಾತ್ರ ಎರಡನೇ ಚರಣದಲ್ಲಿ ಶಬ್ದವನ್ನು ನಡುವೆ ಮುರಿದು ಉಸಿರು ತೆಗೆದುಕೊಂಡೆ."

ಇಪ್ಪತ್ತು ಜನರ ನಡುವೆ ನನ್ನ ಉಸಿರು ಅವರಿಗೆ ಕೇಳಿತ್ತು.

ಪಿಯಾನೋದ ಮೇಲಿಂದ ಒಂದು ಕಟ್ಟು ಕಾಗದ ತಂದರು. ಮಾಸ್ಟ್ರ ಅದೇ ಹಾಡನ್ನು ಗೆರೆ ಎಳೆದ ಹಾಳೆಗಳಲ್ಲಿ ನಾಲ್ಕು ಧ್ವನಿಗಳಿಗೆ ವಿಂಗಡಿಸಿ, ಒಂದೊಂದು ಸ್ವರವನ್ನೂ ದುಂಡಗೆ ಬರೆದಿದ್ದರು. "ನೀವು ಅಭ್ಯಾಸ ಮಾಡುವಾಗ ಹಿಂದಿನ ಕಿಟಕಿಯಲ್ಲಿ ಕೂತರೆ ಎಲ್ಲ ಕೇಳುತ್ತದೆ. ಕೇಳಿ ಬರೆದೆ. ಮಾಸ್ಟ್ರಿಗೆ ಕೊಡ್ತೀಯಾ?"

ಹಾಗಾದರೆ ಎರಡು ತಿಂಗಳಿನಿಂದ ನನ್ನ ಧ್ವನಿಯೂ ಅವರಿಗೆ ಕೇಳುತ್ತಿತ್ತು. ಪರೀಕ್ಷೆಯ ಮಾತನ್ನು ಅವರು ಎತ್ತಲಿಲ್ಲ.

ಮರುದಿನ ಮಾಸ್ಟ್ರಿಗೆ ಕೊಟ್ಟೆ. ಅವರು ಹಾಳೆಗಳನ್ನು ಒಂದೊಂದಾಗಿ ತಿರುಗಿಸಿದರು. "ಈ ಗೆರೆಯ ಸ್ವರ ಓದಲಿಕ್ಕೆ ನನಗೆ ಬರುವುದಿಲ್ಲ ಮಾರಾಯ್ತಿ" ಎಂದು ನಕ್ಕರು. ಮತ್ತೆ ಸ್ವಲ್ಪ ಯೋಚಿಸಿ ಹೇಳಿದರು: "ಬಾಯಿಯೇ ಬಂದು ಕಲಿಸುತ್ತಾರಾ ಕೇಳು. ಬಂದರೆ ನಾನೂ ಕಲಿಯುತ್ತೇನೆ."

ಈ ಮಾತನ್ನು ನಾನು ತಲುಪಿಸಲಿಲ್ಲ.

ಯಾಕೆ ಎಂದು ಐವತ್ತಕ್ಕೂ ಹೆಚ್ಚು ವರ್ಷ ಯೋಚಿಸಿದ್ದೇನೆ. ಟೀಚರ್ ಬಂದರೆ ನನ್ನ ಸುಳ್ಳು ಗೆಳತಿಯರಿಗೆ ಗೊತ್ತಾಗುತ್ತದೆಂಬ ಹೆದರಿಕೆ. ಅವರ ಉದ್ದನೆಯ ಫ್ರಾಕನ್ನೂ ಬೊಂಬಾಯಿಯ ಕೊಂಕಣಿಯನ್ನೂ ಹುಡುಗಿಯರು ಅಣಕಿಸಿ ಆಡಿಕೊಂಡರೆ ಎಂಬ ನಾಚಿಕೆ. ನಾಳೆ ಹೇಳುವ ಎಂದುಕೊಂಡೆ, ನಾಡಿದ್ದು ಎಂದುಕೊಂಡೆ...

ಜನವರಿಯಲ್ಲಿ ಒಂದು ದಿನ ಟೀಚರ್ ದಾರಿಯಲ್ಲಿ ಸಿಕ್ಕಿದರು.

"ಕೊಟ್ಟೆಯಾ?"

"ಕೊಟ್ಟೆ ಟೀಚರ್."

"ಏನು ಹೇಳಿದರು?"

"ಏನೂ ಹೇಳಲಿಲ್ಲ."

"ಆಗಲಿ" ಎಂದರು. ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿ ನಡೆದುಬಿಟ್ಟರು.

ಆ ವರ್ಷ ಮೇ ತಿಂಗಳಲ್ಲಿ ನಾನು ಬೆಳ್ತಂಗಡಿಯಲ್ಲಿ ಅಜ್ಜಿಮನೆಯಲ್ಲಿದ್ದಾಗ ಟೀಚರ್ ಮನೆ ಮಾರಿ ಬೊಂಬಾಯಿಯಲ್ಲೇ ಉಳಿದಿದ್ದ ತಂಗಿಯ ಹತ್ತಿರ ಹೋದರು. ಪಿಯಾನೋವನ್ನು ಮಂಗಳೂರಿನ ಯಾರೋ ಒಯ್ದರಂತೆ. ಹೊರಡುವ ಮುಂಚೆ ನಮ್ಮ ಮನೆಗೆ ಬಂದು ನನ್ನನ್ನು ಕೇಳಿದ್ದರು ಎಂದು ಅಮ್ಮ ಹೇಳಿದಳು. ನಾನು ಕಾಗದ ಬರೆಯಲು ಕೂತದ್ದುಂಟು, ಎರಡು ಸಾಲಿಗಿಂತ ಮುಂದೆ ಹೋಗಲಿಲ್ಲ. ಏಳೆಂಟು ವರ್ಷದ ಮೇಲೆ, ನಾನು ಮದುವೆಯಾಗಿ ಬಂಟ್ವಾಳಕ್ಕೆ ಬಂದ ನಂತರ, ಟೀಚರ್ ಬೊಂಬಾಯಿಯಲ್ಲೇ ತೀರಿಕೊಂಡರೆಂದು ಯಾರೋ ಹೇಳಿದರು. ಒಲೆಯ ಮೇಲೆ ಗಂಜಿ ಇತ್ತು. ಇಳಿಸಿಟ್ಟು ಹಿಂಬಾಗಿಲಿಗೆ ಹೋಗಿ ಕೂತೆ.

ಹೋದ ಕ್ರಿಸ್ಮಸ್ಸಿಗೆ ಮಗಳು ನನ್ನನ್ನು ಮೂಡುಬಿದಿರೆಗೆ ಕರೆದುಕೊಂಡು ಹೋಗಿದ್ದಳು. ಮಾಸ್ಟ್ರು ಈಗಿಲ್ಲ, ನನ್ನ ಜತೆ ಹಾಡಿದವರಲ್ಲಿಯೂ ಯಾರೂ ಕಾಣಿಸಲಿಲ್ಲ. ಈಗಿನ ಮಕ್ಕಳು ಕೀಬೋರ್ಡ್ ಇಟ್ಟುಕೊಂಡು ಚಂದ ಹಾಡುತ್ತಾರೆ. ಪೂಜೆ ಮುಗಿದ ಮೇಲೆ ಅದನ್ನು ನುಡಿಸಿದ ಹುಡುಗಿಯ ಹತ್ತಿರ ಹೋಗಿ, "ಹಿಂದೆ ಇಲ್ಲಿ ಒಬ್ಬರು ಟೀಚರ್ ಇದ್ದರು ಮಗಾ, ಎಲ್ಲರಿಗೂ ಕಲಿಸಿದವರು" ಎಂದೆ.

"ಹೌದಾ ಅಜ್ಜಿ? ಯಾರು ಅವರು?"

ಹೆಸರು ಹೇಳಿದೆ. ಹುಡುಗಿ ಮೆಲ್ಲನೆ ತಲೆಯಾಡಿಸಿದಳು, ಗೊತ್ತಿಲ್ಲವೆಂದು. ಜನ ಹೊರಗೆ ಹೋಗುತ್ತಿದ್ದರು. ಅಷ್ಟು ಜನರಲ್ಲಿ ಆ ಹೆಸರು ಗೊತ್ತಿದ್ದವಳು ನಾನೊಬ್ಬಳೇ.